ಶಕ್ತಿಮಾನ್ ಬಿಸ್ಕತ್ತು ಮಾರಿದ್ದು

2017ರ ನವೆಂಬರಿನಲ್ಲಿ ಹರಿಹರದ ಏಳು ವರ್ಷದ ಹುಡುಗಿಯೊಬ್ಬಳು ಬೆಂಕಿಗೆ ಸಿಕ್ಕು ಸತ್ತುಹೋದಳು. ‘ನಂದಿನಿ’ ಧಾರಾವಾಹಿಯ ದೃಶ್ಯ ಅನುಕರಿಸಲು ಹೋಗಿದ್ದಳು ಅಂತ ಹೆತ್ತವರು ಹೇಳಿದ್ರು. ಸುದ್ದಿಯಾಯ್ತು, ಮರೆತೂ ಹೋಯ್ತು.

ಗೆಳೆಯರೇ, ಇದಕ್ಕಿಂತ ಹಳೇದೊಂದು ಮರೆವಿದೆ. 1997ರಲ್ಲಿ ದೂರದರ್ಶನದಲ್ಲಿ ‘ಶಕ್ತಿಮಾನ್’ ಶುರುವಾಯ್ತು. ಟಿವಿ ಇದ್ದ ಮನೆಯವರು ಒಳಗೆ ಬಿಟ್ಟರೆ ಒಳಗೆ, ಇಲ್ಲಾಂದ್ರೆ ಕಿಟಕಿ ಸರಳು ಹಿಡಿದು ನೋಡೋದು. ನಮ್ಮ ಕೇರಿ ಮಕ್ಕಳ ಪಾಡು ಗೊತ್ತಲ್ಲ. ಶಕ್ತಿಮಾನ್ ಬಂದು ಕಾಪಾಡ್ತಾನೆ ಅಂತ ನಂಬಿ ಮಕ್ಕಳು ಬೆಂಕಿ ಹಚ್ಚಿಕೊಂಡರು, ಮಹಡಿಯಿಂದ ಜಿಗಿದರು ಎಂದು ಪತ್ರಿಕೆಗಳು ಬರೆದವು. ನಟ ಮುಕೇಶ್ ಖನ್ನಾ ಆ ಆರೋಪ ಒಪ್ಪಲಿಲ್ಲ. ಆದರೂ ಕಂತು ಮುಗಿದ ಮೇಲೆ ಅದೇ ವೇಷದಲ್ಲಿ ಮಕ್ಕಳಿಗೆ ಬುದ್ಧಿ ಹೇಳ್ತಿದ್ರು, ಸಾಹಸ ಮಾಡಬೇಡಿ ಅಂತಲೂ ಹೇಳಿದ್ರು.

ಅದೇ ವೇಷ 1998ರಲ್ಲಿ ಪಾರ್ಲೆ-ಜಿಯ ರಾಯಭಾರಿಯೂ ಆಯ್ತು. ಹಾರೋದನ್ನ ನಂಬಬೇಡಿ, ಬಿಸ್ಕತ್ತನ್ನ ನಂಬಿ!

ಮಕ್ಕಳ ಸುರಕ್ಷತೆಗೆ ಕುತ್ತು ತರುವ ಜಾಹೀರಾತು ಕೂಡದು ಅಂತ 1994ರ ಕೇಬಲ್ ಟಿವಿ ನಿಯಮದಲ್ಲಿದೆ. ಬಿಸ್ಕತ್ತಿನಿಂದ ಯಾರೂ ಸಾಯಲಿಲ್ಲ, ನಿಜ. ಆದರೆ ಕಂಪನಿ ದುಡ್ಡು ಕೊಟ್ಟು ಕೊಂಡಿದ್ದು ಮಕ್ಕಳ ನಂಬಿಕೆಯನ್ನ. ಆ ವ್ಯಾಪಾರದ ಲೆಕ್ಕ ಯಾರೂ ಕೇಳಲಿಲ್ಲ. ಕೇಳಿದ್ದು ಒಂದೇ: ಅಪ್ಪ-ಅಮ್ಮ ಎಲ್ಲಿದ್ರು? ದಾವಣಗೆರೆಯಲ್ಲಾದ್ರೆ ಎಷ್ಟೋ ಅಪ್ಪ-ಅಮ್ಮಂದಿರು ಮಂಡಕ್ಕಿ ಭಟ್ಟಿಯ ಬೆಂಕಿ ಮುಂದೆ ಇದ್ರು ಸ್ವಾಮಿ, ಕೂಲಿಗೆ.