ಹಕ್ಕಿಯ ಕಾಲಿಗೆ ಬಳೆ ತೊಡಿಸಿದ ಕಾಯಿಲೆ

ಮಳೆ ಹಿಂದೆ ಸರಿದು ಕೊಯ್ಲಿನ ಹೊತ್ತು ಹತ್ತಿರ ಬಂತೆಂದರೆ ನಮ್ಮ ಕಡೆ ಹೊರಗಿನ ಹಕ್ಕಿಗಳು ಇಳಿಯೋಕೆ ಶುರು. ದಾಂಡೇಲಿ, ಜೊಯಿಡಾದ ಹಳ್ಳದ ಕಲ್ಲುಗಳ ಮೇಲೆ ಬಾಲ ಕುಣಿಸುವ ಬೂದು ಸಿಪಿಲೆ. ಹಳಿಯಾಳ, ಮುಂಡಗೋಡದ ಕೆರೆಗಳಲ್ಲಿ ಬಾತುಗಳು. ವೀಕೆಂಡಿಗೆ ಅತ್ತಿವೇರಿ ಪಕ್ಷಿಧಾಮಕ್ಕೆ ಬೈನಾಕ್ಯುಲರ್ ಹಿಡಿದು ಬರುವ ಗೆಳೆಯರು ಕೇಳೋದು ಒಂದೇ: ಇಂಥವು ಸೈಬೀರಿಯಾದಿಂದ ಬರುತ್ತವೆ ಅಂತ ಗೊತ್ತಾಗಿದ್ದು ಹೇಗೆ?

ಆ ಕಥೆಯ ಒಂದು ತುದಿ ನಮ್ಮ ಪಕ್ಕದಲ್ಲೇ ಇದೆ.

ಬನವಾಸಿ ದಾಟಿದರೆ ಸೊರಬ ತಾಲೂಕು. ಅಲ್ಲಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸಾಯತೊಡಗಿದವು. ಜೊತೆಗೆ ಕಾಡಿಗೆ ಹೋಗಿಬಂದವರಿಗೆ ವಿಪರೀತ ಜ್ವರ. ಕೆಲವರು ಉಳಿಯಲಿಲ್ಲ. ಜನ ಅದಕ್ಕೆ ಮಂಗನ ಕಾಯಿಲೆ ಎಂದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹುಡುಕಿದಾಗ ಸಿಕ್ಕಿದ್ದು ಹೊಸ ವೈರಸ್. ಅದನ್ನು ಹರಡುವುದು ಉಣುಗು. ವಿಚಿತ್ರ ಏನೆಂದರೆ, ರಷ್ಯಾದ ಕಾಡುಗಳಲ್ಲಿ ಉಣುಗಿನಿಂದಲೇ ಹರಡುವ ಮೆದುಳು ಜ್ವರದ ವೈರಸ್ಸಿಗೆ ಇದು ಹತ್ತಿರದ ನಂಟ.

ರಷ್ಯಾ ಎಲ್ಲಿ, ಸೊರಬ ಎಲ್ಲಿ? ನಡುವೆ ಹಿಮಾಲಯ ಬೇರೆ. ಅದನ್ನು ದಾಟಿ ವರ್ಷವರ್ಷ ಬರೋದು ಹಕ್ಕಿಗಳು ಮಾತ್ರ. ಅವು ಬಂದಿಳಿಯುವ ಕಾಲದ ಬೆನ್ನಿಗೇ ಕಾಯಿಲೆಯ ಕಾಲವೂ ಶುರುವಾಗುತ್ತೆ. ಅನುಮಾನ ಬಾರದೆ ಇರುತ್ತಾ? ಸಿಸ್ಟಮ್ ಕೆಟ್ಟಾಗ ಹೊರಗಿನ ಕೋಡಿನ ಮೇಲೆ ನಾವು ಮೊದಲು ಬೆರಳು ತೋರಿಸೋದಿಲ್ವಾ, ಹಾಗೆ.

ಆದರೆ ಅನುಮಾನವನ್ನು ಪರೀಕ್ಷಿಸಬೇಕಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನೊಂದಿಗೆ 1959ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸಲೀಂ ಅಲಿ ದೊಡ್ಡ ಕೆಲಸಕ್ಕೆ ಕೈಹಾಕಿದರು. ಬಲೆ ಹಾಕಿ ಹಕ್ಕಿ ಹಿಡಿಯೋದು, ಮೈಮೇಲಿನ ಉಣುಗು ಆರಿಸೋದು, ಕಾಲಿಗೆ ನಂಬರಿನ ಹಗುರ ಲೋಹದ ಬಳೆ ತೊಡಿಸಿ ಬಿಡೋದು. ಮುಂದೆ ಇದಕ್ಕೆ ಅಮೆರಿಕದ ಸೇನೆಯ ಹಣವೂ ಬಂತು. ಅದೇ 1970ರ ದಶಕದಲ್ಲಿ ದೊಡ್ಡ ವಿವಾದವಾಯಿತು. ಆ ಹೊತ್ತಿಗೆ ಲಕ್ಷಕ್ಕೂ ಹೆಚ್ಚು ಹಕ್ಕಿಗಳು ಬಳೆ ತೊಟ್ಟಿದ್ದವು. ಭಾರತದಲ್ಲಿ ಬಳೆ ತೊಟ್ಟ ಬಾತುಗಳು ಸೋವಿಯತ್ ಒಕ್ಕೂಟದಲ್ಲಿ ಸಿಕ್ಕವು. ದಾರಿಗಳು ಒಂದೊಂದಾಗಿ ನಕ್ಷೆಗೆ ಬಂದವು.

ಕಾಯಿಲೆ ತಂದ ಆರೋಪ ಮಾತ್ರ ಸಾಬೀತಾಗಲಿಲ್ಲ. ವಿಜ್ಞಾನಿ ಬೋಶೆಲ್ 1969ರಲ್ಲಿ ಬೇರೆಯದೇ ವಾದ ಮುಂದಿಟ್ಟರು: ವೈರಸ್ ಈ ಕಾಡಿನಲ್ಲೇ ಸದ್ದಿಲ್ಲದೆ ಇದ್ದಿರಬೇಕು. ಕಾಡು ಕಡಿದು ಗದ್ದೆ ಮಾಡಿದೆವು, ಅಂಚಿನಲ್ಲಿ ದನ ಮೇಯಿಸಿದೆವು. ದನದ ರಕ್ತ ಹೀರಿ ಉಣುಗು ಬೆಳೆಯಿತು, ಮಂಗನಿಗೂ ಮನುಷ್ಯನಿಗೂ ಹತ್ತಿತು. ಮೇಯಿಸಿದವರನ್ನು ಬಯ್ಯೋಕೆ ನನಗೆ ಮನಸ್ಸಿಲ್ಲ. ನಾನೂ ಹಳ್ಳಿಯವನೇ, ಕಾಡಿಲ್ಲದೆ ದನ ಸಾಕೋದು ಹೇಗೆ ಅಂತ ಗೊತ್ತು.

ಹಕ್ಕಿಗಳ ಬಗ್ಗೆ ನಮಗೆ ಇಷ್ಟೆಲ್ಲ ತಿಳಿಯಿತು. ಕಾಯಿಲೆ ಇನ್ನೂ ಇಲ್ಲೇ ಇದೆ. ಹಳೆಯ ಲಸಿಕೆ ಸಾಲದೆಂದು 2022ರಲ್ಲಿ ನಿಲ್ಲಿಸಿದರು. 2024ರಲ್ಲೂ ನಮ್ಮ ಜಿಲ್ಲೆಯ ಸಿದ್ದಾಪುರದಲ್ಲಿ ಜೀವಗಳು ಹೋದವು. ಚಾರಣಕ್ಕೆ ಬರುವವರು ತುಂಬು ಬಟ್ಟೆ ಹಾಕಿಕೊಳ್ಳಿ, ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಿ. ಸೌದೆಗೆ ದಿನಾ ಕಾಡಿಗೆ ಹೋಗುವವರಿಗೆ ನಿಮ್ಮ ಹಾಗೆ ಸೋಮವಾರ ವಾಪಸ್ ಬಸ್ಸು ಹತ್ತುವ ಅನುಕೂಲ ಇಲ್ಲ. ಅರವತ್ತು ವರ್ಷ ದಾಟಿದರೂ ಅವರ ಪಾಲಿಗೆ ಒಳ್ಳೆಯ ಲಸಿಕೆ ಬಾಕಿಯೇ ಉಳಿದಿದೆ.