ವಾಪಸ್ ಬಂದ ಟಪಾಲು

ನಮ್ಮ ತಂಗಿ ಮಗಳು ಒಂದ ಕಾಲೇಜಿಗೆ ಈಮೇಲ್‌ನಾಗ ಅರ್ಜಿ ಕಳಿಸಿದ್ಲು. ಎರಡ ನಿಮಿಷಕ್ಕ ‘ಮೇಲರ್ ಡೀಮನ್’ ಅನ್ನೂ ಹೆಸರಿನ್ಯಾಗ ಇಂಗ್ಲೀಷಿನ್ಯಾಗ ಏನೋ ಬಂತು. ಮೋಸದ್ದು ಇರಬೇಕಂತ ಅಳಿಸಿಬಿಟ್ಲು. ಅದು ಅಕಿ ಅರ್ಜಿ ಮುಟ್ಟಿಲ್ಲಾ ಅನ್ನೂ ಸುದ್ದಿ ಆಗಿತ್ರಿ! ವಿಳಾಸದಾಗ ಒಂದ ಅಕ್ಷರ ತಪ್ಪಿತ್ತು. ಗೊತ್ತಾಗೂದ್ರಾಗ ಕಡೇ ತಾರೀಖು ಮುಗದಿತ್ತು.

ಅಕ್ಕಾರ, ಟಪಾಲು ವಾಪಸ್ ಬರೂದು ನಮಗೇನು ಹೊಸಾದಲ್ಲ. ಇನ್‌ಲ್ಯಾಂಡ್ ಪತ್ರದ ಹಿಂದ ಕಳಿಸಿದವರ ಹೆಸರು, ವಿಳಾಸ ಬರಿಯಾಕ ಜಾಗಾ ಇರತಿತ್ತಲ್ಲ, ಅದು ಇದಕ್ಕ. ಒಂದೇ ಹೆಸರಿನ ಊರು ಬಾಳ ಅಂತ 1972ರ ಆಗಸ್ಟ್ 15ಕ್ಕ ಪಿನ್ ಕೋಡ್ ಬಂತು. ಬೈಲಹೊಂಗಲಕ್ಕ 591102, ಕಿತ್ತೂರಿಗೆ 591115, ರಾಮದುರ್ಗಕ್ಕ 591123, ಸವದತ್ತಿಗೆ 591126. ಇಷ್ಟಾದ್ರೂ ಪತ್ರ ಮುಟ್ಟಲಿಲ್ಲಂದ್ರ ಹಿಂದಿನ ವಿಳಾಸಕ್ಕ ವಾಪಸ್. ಅದೂ ಬರದಿರಲಿಲ್ಲಂದ್ರ ‘ರಿಟರ್ನ್ಡ್ ಲೆಟರ್ ಆಫೀಸಿ’ಗೆ ಹೋಗತಿತ್ತು. ಅಲ್ಲಿ ಪತ್ರ ಒಡದು ವಿಳಾಸ ಹುಡುಕತಿದ್ರು. ಬ್ರಿಟಿಷರ ಕಾಲಕ್ಕ ಅದಕ್ಕ ‘ಡೆಡ್ ಲೆಟರ್ ಆಫೀಸ್’ ಅಂತಿದ್ರು, ಸತ್ತ ಪತ್ರಗಳ ಕಚೇರಿ!

ಈಮೇಲಿನವರೂ ಇದನ್ನ ಹಿಡದ್ರು. 1971ರಾಗ ಅಮೆರಿಕಾದ ರೇ ಟಾಮ್ಲಿನ್ಸನ್ ಹೆಸರಿಗೂ ಯಂತ್ರಕ್ಕೂ ನಡುವ ಆ ಸುರುಳಿ ‘ಅಟ್’ ಗುರುತು ಇಟ್ರು. 1982ರಾಗ ಜಾನ್ ಪೋಸ್ಟೆಲ್ ಅನ್ನಾವ್ರು ಮೇಲು ಸಾಗಿಸೂ ನಿಯಮ ಬರದ್ರು. ನಮ್ಮ ದೇಶದ ಜನರಿಗೆ ಇಂಟರ್ನೆಟ್ ಸಿಕ್ಕಿದ್ದು 1995ಕ್ಕ, ಅದೂ ಆಗಸ್ಟ್ 15ಕ್ಕನ.

ಆ ನಿಯಮದ ಪ್ರಕಾರ ಪ್ರತಿ ಈಮೇಲಿಗೂ ನಮಗ ಕಾಣದ ಒಂದ ಪಾಕೀಟು ಇರತೈತಿ. ಒಂದ ಯಂತ್ರ ಇನ್ನೊಂದಕ್ಕ ಮೊದಲ ‘ಯಾರಿಂದ’ ಅಂತ ಹೇಳತೈತಿ, ಆಮ್ಯಾಲ ‘ಯಾರಿಗೆ’ ಅಂತ. ಮುಟ್ಟಲಿಲ್ಲಂದ್ರ ಸುದ್ದಿ ಹೋಗೂದು ಆ ಪಾಕೀಟಿನ ‘ಯಾರಿಂದ’ಕ್ಕ. ಆ ಸುದ್ದಿಯ ಪಾಕೀಟಿನ ಮ್ಯಾಲ ಮಾತ್ರ ‘ಯಾರಿಂದ’ ಬೇಕಂತನ ಖಾಲಿ ಬಿಡತಾರ. ಇಲ್ಲಾಂದ್ರ ಅದೂ ಮುಟ್ಟದ ವಾಪಸ್ ಬಂದು, ಎರಡೂ ಕಡೆ ಓಡ್ಯಾಡಿಕೋತನ ಇದ್ದೀತು.

ಡೀಮನ್ ಅಂದ್ರ ದೆವ್ವ ಅಲ್ರಿ, ಕಣ್ಣಿಗೆ ಕಾಣದಂಗ ಹಿಂದ ಕೆಲಸ ಮಾಡೂ ಪ್ರೋಗ್ರಾಮು. ಅದು ಕಳಿಸಿದ್ರಾಗ ಒಂದ ಅಂಕಿ ಹುಡುಕ್ರಿ. 5ರಿಂದ ಸುರು ಆದ್ರ ಯಂತ್ರ ಕೈ ಬಿಟ್ಟೈತಿ. 550 ಅಂದ್ರ ಹೆಚ್ಚಾಗಿ ಅಂಥಾ ವಿಳಾಸನ ಇಲ್ಲ, 552 ಅಂದ್ರ ಅವರ ಡಬ್ಬಿ ತುಂಬೇತಿ. 4ರಿಂದ ಸುರು ಆದ್ರ ಗಾಬರಿ ಬ್ಯಾಡ, ಯಂತ್ರ ನಾಕೈದ ದಿನಾ ತಾನ ಮತ್ತ ಮತ್ತ ಪ್ರಯತ್ನ ಮಾಡತೈತಿ.

ಒಂದ ಮಾತು: ಪಾಕೀಟಿನ ಮ್ಯಾಲ ಕಳ್ಳರು ನಮ್ಮ ವಿಳಾಸಾನೂ ಬರೀಬಹುದು. ಆವಾಗ ನಾವು ಕಳಿಸದ ಇದ್ದದ್ದೂ ನಮಗ ವಾಪಸ್ ಬರತೈತಿ. ಅದಕ್ಕ ಅದರಾಗಿನ ಲಿಂಕ್ ಒತ್ತಬ್ಯಾಡ್ರಿ. ನಿಮ್ಮ ‘ಸೆಂಟ್’ ತಗದು, ಅದನ್ನ ನಾವ ಕಳಿಸಿದ್ವೇನು ಅಂತ ನೋಡ್ರಿ. ಕಳಿಸಿದ್ದ ಖರೇ ಇದ್ರ ವಿಳಾಸ ಅಕ್ಷರ ಅಕ್ಷರ ಓದಿ, ತಿದ್ದಿ, ಅವತ್ತ ಮತ್ತ ಕಳಸ್ರಿ.

ವಾಪಸ್ ಬಂದ ಪತ್ರ ಅಪಶಕುನ ಅಲ್ಲ. ಮುಟ್ಟಿಲ್ಲಾ ಅಂತ ಯಾರೋ ಹೇಳಿದ್ರಲ್ಲ, ಅದ ಉಪಕಾರ. ನಮ್ಮ ಹುಡುಗಿ ಬರೂ ವರ್ಷ ಮತ್ತ ಅರ್ಜಿ ಹಾಕತಾಳಂತ.