ಹೆಸರು ಒಂದೇ, ಆಸಾಮಿ ಬೇರೆ

ನಾನು ಪಾದ್ರಿಯಲ್ಲ, ಪಂಡಿತನೂ ಅಲ್ಲ. ಮೆಟ್ರಿಕ್ ಮುಗಿಸಿ, ಬ್ಯಾಂಕಿನಲ್ಲಿ ಗುಮಾಸ್ತನಾಗಿ ಲೆಡ್ಜರು ಬರೆದು ನಿವೃತ್ತನಾದವನು. ನಮ್ಮ ಧರೂರು ಸೀಮೆಯಲ್ಲಿ ಮಲ್ದಕಲ್ ತಿಮ್ಮಪ್ಪನ ಹೆಸರು ಹೊತ್ತವರು ಊರಿಗೆ ಹಲವರು. ಒಮ್ಮೆ ಅವಸರದಲ್ಲಿ ಒಬ್ಬ ತಿಮ್ಮಪ್ಪನ ಸಾಲದ ನೋಟೀಸನ್ನು ಇನ್ನೊಬ್ಬ ತಿಮ್ಮಪ್ಪನಿಗೆ ಕಳಿಸಿಬಿಟ್ಟೆ. ಆತ ಕಾಗದ ಹಿಡಿದು ಕೌಂಟರಿಗೆ ಬಂದು, "ಹೆಸರು ನಂದೇರಿ ಸಾಹೇಬ್ರೆ, ಸಾಲ ನಂದಲ್ರಿ" ಎಂದ. ತಪ್ಪು ನನ್ನದೇ, ತಂದೆಯ ಹೆಸರು ನೋಡಿರಲಿಲ್ಲ. ಲೆಡ್ಜರಿನಲ್ಲಿ ಗೀಟು ಎಳೆದು ಸರಿಪಡಿಸಿದೆ. ಆದರೆ ಕಟ್ಟೆಯ ಮೇಲೆ ಕೂತು ಆಡಿಕೊಳ್ಳುವವರ ಬಾಯಿಗೆ ಗೀಟು ಎಳೆಯಲಾಗಲಿಲ್ಲ.

ಬೈಬಲಿನ ಹೊಸ ಒಡಂಬಡಿಕೆ ಓದುವಾಗಲೆಲ್ಲ ನನಗೆ ಆ ತಿಮ್ಮಪ್ಪನ ನೆನಪು. ಅಲ್ಲಿಯೂ ಇದೇ ತೊಡಕು. ಆ ಕಾಲದ ಯೆಹೂದ್ಯರಲ್ಲಿ ಗಂಡಸರಿಗೆ ಸೀಮೋನ, ಹೆಂಗಸರಿಗೆ ಮರಿಯ ಎಂಬ ಹೆಸರು ಬಹಳ ಸಾಮಾನ್ಯ. ಹೊಸ ಒಡಂಬಡಿಕೆಯಲ್ಲಿ ಸೀಮೋನರೇ ಒಂಬತ್ತು ಮಂದಿ ಸಿಗುತ್ತಾರೆ. ಹಾಗಾದರೆ ಗುರುತು ಹೇಗೆ? ನಮ್ಮ ಗಡಿಯಲ್ಲಿ "ಮೀ ಇಂಟಿಪೇರು ಏಮಿ?" ಎಂದೋ, "ಯಾರ ಮಗಪ್ಪಾ ನೀನು?" ಎಂದೋ ಕೇಳುವ ಹಾಗೆಯೇ. ಯೊಪ್ಪದಲ್ಲಿ ಪೇತ್ರನಿಗೆ ಇಳಿದುಕೊಳ್ಳಲು ಮನೆ ಕೊಟ್ಟವನು ಚರ್ಮ ಹದಮಾಡುವ ಸೀಮೋನ. ಇದು ಕಸುಬಿನ ಗುರುತು. ಯೇಸುವಿನ ಶಿಲುಬೆ ಹೊತ್ತವನು ಕುರೇನೆಯ ಸೀಮೋನ. ಇದು ಊರಿನ ಗುರುತು. ಮಾರ್ಕನು ಇವನನ್ನು ಅಲೆಕ್ಸಾಂದ್ರ ಮತ್ತು ರೂಫರ ತಂದೆ ಎಂದೂ ಹೇಳುತ್ತಾನೆ. ಮೊದಲ ಕೇಳುಗರಿಗೆ ಆ ಮಕ್ಕಳ ಪರಿಚಯವಿದ್ದಿರಬೇಕು.

ಇನ್ನು ಕೆಟ್ಟ ಹೆಸರಿನ ಮಾತು. ಯೂದ ಎಂದೊಡನೆ ಮೂವತ್ತು ಬೆಳ್ಳಿ ನಾಣ್ಯಕ್ಕೆ ಗುರುವನ್ನು ಹಿಡಿದುಕೊಟ್ಟ ಇಸ್ಕರಿಯೋತನೇ ಕಣ್ಣಮುಂದೆ ಬರುತ್ತಾನೆ. ಆದರೆ ಹನ್ನೆರಡು ಶಿಷ್ಯರಲ್ಲಿ ಇನ್ನೊಬ್ಬ ಯೂದನಿದ್ದ. ಅವನು ಒಂದು ಪ್ರಶ್ನೆ ಕೇಳುವ ಕಡೆ ಯೋಹಾನನು 'ಇವನು ಇಸ್ಕರಿಯೋತನಲ್ಲ' ಎಂದು ಮರೆಯದೆ ತಿಳಿಸುತ್ತಾನೆ. ಅನನೀಯನ ಕಥೆಯೂ ಅಂಥದೇ. ಹೊಲ ಮಾರಿದ ಹಣದಲ್ಲಿ ಒಂದು ಪಾಲನ್ನು ಬಚ್ಚಿಟ್ಟು ಸುಳ್ಳು ಹೇಳಿದವನು ಒಬ್ಬ ಅನನೀಯ. ಕುರುಡಾಗಿದ್ದ ಸೌಲನ ಮೇಲೆ ಕೈಯಿಟ್ಟು 'ಸಹೋದರನೇ' ಎಂದವನು ದಮಸ್ಕದ ಅನನೀಯ. ಅದು ನಡೆದ ಮನೆಯ ಯಜಮಾನನ ಹೆಸರೂ ಯೂದ! ಹೆಸರಿಗೆ ಅಂಟಿದ ಕಳಂಕ ಈ ಇಬ್ಬರಿಗೂ ಅಂಟಲಿಲ್ಲ.

ಆದರೆ ಮಗ್ದಲದ ಮರಿಯಳಿಗೆ ಈ ಭಾಗ್ಯ ಇರಲಿಲ್ಲ. ಲೂಕನ 7ನೆಯ ಅಧ್ಯಾಯದಲ್ಲಿ ಫರಿಸಾಯ ಸೀಮೋನನ ಮನೆಯಲ್ಲಿ ಪಾಪಿಯೆನಿಸಿಕೊಂಡ ಹೆಂಗಸೊಬ್ಬಳು ಯೇಸುವಿನ ಪಾದಕ್ಕೆ ಸುಗಂಧತೈಲ ಹಚ್ಚುತ್ತಾಳೆ. ಅವಳ ಹೆಸರೇ ಅಲ್ಲಿಲ್ಲ. ಬೇಥಾನ್ಯದಲ್ಲಿ ತೈಲ ಹಚ್ಚಿದ ಕಥೆ ಬೇರೆ. ಮಾರ್ಕನ ಪ್ರಕಾರ ಆ ಮನೆ ಕುಷ್ಠರೋಗಿ ಸೀಮೋನನದು, ಯೋಹಾನನ ಪ್ರಕಾರ ತೈಲ ಹಚ್ಚಿದವಳು ಲಾಜರನ ಅಕ್ಕತಂಗಿಯರಲ್ಲಿ ಒಬ್ಬಳಾದ ಮರಿಯಳು. ಮಗ್ದಲದ ಮರಿಯಳ ಹೆಸರನ್ನು ಲೂಕನು ಮುಂದಿನ ಅಧ್ಯಾಯದಲ್ಲಿ ಹೇಳುತ್ತಾನೆ. ಎರಡು ಕಡೆ ಸೀಮೋನ, ಎರಡು ಕಡೆ ಮರಿಯ. ಕ್ರಿ.ಶ. 591ರಲ್ಲಿ ರೋಮಿನ ಪೋಪ್ ಒಂದನೆಯ ಗ್ರೆಗೊರಿ ಒಂದು ಉಪದೇಶದಲ್ಲಿ ಈ ಮೂವರು ಹೆಂಗಸರನ್ನೂ ಒಬ್ಬಳನ್ನಾಗಿ ಮಾಡಿದರು. ಪುನರುತ್ಥಾನದ ಸುದ್ದಿಯನ್ನು ಶಿಷ್ಯರಿಗೆ ಮುಟ್ಟಿಸಿದ ಹೆಂಗಸು ಪಶ್ಚಿಮ ದೇಶಗಳ ಚಿತ್ರಗಳಲ್ಲಿ, ಕಥೆಗಳಲ್ಲಿ ಸೂಳೆಯಾದಳು. ಪೂರ್ವದ ಸಭೆಗಳು ಮೂವರನ್ನೂ ಬೇರೆಬೇರೆಯಾಗಿಯೇ ಇಟ್ಟುಕೊಂಡಿದ್ದವು. ರೋಮಿನ ಸಭೆ 1969ರಲ್ಲಿ ತನ್ನ ಹಬ್ಬಗಳ ಪಟ್ಟಿಯನ್ನು ತಿದ್ದಿದಾಗ ಈ ಗೋಜಲನ್ನು ಬಿಡಿಸಿತು. 2016ರಲ್ಲಿ ಅವಳ ಜುಲೈ 22ರ ಸ್ಮರಣೆಯನ್ನು ಹಬ್ಬದ ದರ್ಜೆಗೆ ಏರಿಸಿತು. ಒಂದು ತಪ್ಪು ಜಮಾಖರ್ಚು ತಿದ್ದಲು ಸುಮಾರು 1,400 ವರ್ಷ!

ಎಲ್ಲ ಗುರುತೂ ಬಗೆಹರಿಯುವುದಿಲ್ಲ. ರೋಮಿನವರಿಗೆ ಬರೆದ ಪತ್ರದಲ್ಲಿ ಪೌಲನು ಒಬ್ಬ ರೂಫನಿಗೆ ವಂದನೆ ಹೇಳುತ್ತಾನೆ. ಅವನು ಶಿಲುಬೆ ಹೊತ್ತ ಸೀಮೋನನ ಮಗನೇ? ಇರಬಹುದು, ಇರದೆಯೂ ಇರಬಹುದು. 1941ರಲ್ಲಿ ಯೆರೂಸಲೇಮಿನ ಕಿದ್ರೋನ್ ಕಣಿವೆಯ ಸಮಾಧಿಯೊಂದರಲ್ಲಿ 'ಸೀಮೋನನ ಮಗ ಅಲೆಕ್ಸಾಂದ್ರ' ಎಂದು ಬರೆದ ಅಸ್ಥಿಪೆಟ್ಟಿಗೆ ಸಿಕ್ಕಿತು. ಅವನೇ ಇವನೆಂದು ಸಾಧಿಸಲು ಅಷ್ಟು ಸಾಲದು. ಬ್ಯಾಂಕಿನಲ್ಲಿ ಯಾರದೆಂದು ತಿಳಿಯದ ಹಣವನ್ನು ಸಸ್ಪೆನ್ಸ್ ಖಾತೆಯಲ್ಲಿ ಇಡುತ್ತೇವೆ, ಸಿಕ್ಕವರ ಖಾತೆಗೆ ಹಾಕುವುದಿಲ್ಲ. ಚರಿತ್ರೆ ಓದುವವರಿಗೂ ಅಂಥ ಒಂದು ಖಾತೆ ಬೇಕು.

ಇಂಗ್ಲಿಷಿನವರು ದ್ರೋಹಿಯನ್ನು ಜೂಡಾಸ್ ಎಂದೂ ಪತ್ರ ಬರೆದವನನ್ನು ಜೂಡ್ ಎಂದೂ ಬೇರೆ ಮಾಡಿಕೊಂಡರು. ಗದ್ವಾಲದ ಕಡೆಯ ತೆಲುಗು ಬೈಬಲಿನಲ್ಲಿ ಇಬ್ಬರೂ ಯೂದಾ; ರಾಯಚೂರಿನ ನಂಟರ ಮನೆಯ ಕನ್ನಡ ಬೈಬಲಿನಲ್ಲಿ ಇಬ್ಬರೂ ಯೂದ. ಇದು ನಮಗೆ ಕೊರತೆಯಲ್ಲ. ಹೆಸರು ಕೇಳಿದ ಕೂಡಲೇ ತೀರ್ಪು ಕೊಡದೆ, ಯಾರ ಮಗ, ಯಾವೂರು, ಏನು ಕಸುಬು ಎಂದು ಕೇಳುವುದನ್ನು ನಮ್ಮ ಎರಡೂ ಭಾಷೆಗಳು ಕಲಿಸಿವೆ. ಅಂದು ಕೌಂಟರಿನಲ್ಲಿ ಅಷ್ಟು ಕೇಳಿದ್ದರೆ ಆ ತಿಮ್ಮಪ್ಪ ತಲೆ ತಗ್ಗಿಸಬೇಕಾಗಿರಲಿಲ್ಲ.